ಉಳಿದ 15 ಪರ್ಸೆಂಟ್‌ನಲ್ಲೇ ಬ್ರೇಕ್ ಇರೋದು ಸ್ವಾಮಿ!

‘85 ಪರ್ಸೆಂಟ್ ಜೋಡಿಸಿದ ಸೈಕಲ್’ ಅಂತ ಆನ್‌ಲೈನ್‌ನಲ್ಲಿ ಮಾರುತ್ತೀರಲ್ಲ, ಉಳಿದ 15 ಪರ್ಸೆಂಟ್‌ನಲ್ಲಿ ಏನೇನಿದೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಹ್ಯಾಂಡಲ್, ಮುಂದಿನ ಚಕ್ರ, ಮುಂದಿನ ಬ್ರೇಕ್, ಪೆಡಲ್, ಸೀಟು. ಓಡಿಸುವವನ ಜೀವ ಇರೋದೇ ಇವುಗಳ ಮೇಲೆ. ಅಷ್ಟನ್ನೂ ಬಿಚ್ಚಿ ಡಬ್ಬಕ್ಕೆ ತುರುಕಿ, ನೀವೇ ಜೋಡಿಸಿಕೊಳ್ಳಿ ಅಂತ ಬಾಗಿಲಲ್ಲಿ ಇಟ್ಟು ಹೋಗುತ್ತೀರಿ. ಇದು ಯಾವ ಸೀಮೆ ವ್ಯಾಪಾರ?

ಮಗನಿಗೆ ಮೌಂಟನ್ ಬೈಕ್ ತರಿಸಿದೆ. ಎರಡೂ ಕಡೆ ಡಿಸ್ಕ್ ಬ್ರೇಕ್, 21 ಗೇರ್, ಮುಂದೆ ಸಸ್ಪೆನ್ಷನ್. ಮೈಸೂರಿನ ಹುಡುಗರಿಗೆಲ್ಲ ಇರುವ ಆಸೆಯೇ ಅವನಿಗೂ. ಬೆಳಗ್ಗೆ ಎದ್ದು ಗೆಳೆಯರ ಜೊತೆ ಚಾಮುಂಡಿ ಬೆಟ್ಟ ಹತ್ತಬೇಕು. ಹತ್ತೋದು ಹೇಗೋ ಆಗುತ್ತೆ, ಇಳಿಯುವಾಗ ಬ್ರೇಕ್ ಹಿಡಿಯಬೇಕಲ್ಲ!

ಡಬ್ಬದಲ್ಲಿ ಕೊಟ್ಟಿದ್ದು ಒಂದು ತಗಡಿನ ಸ್ಪ್ಯಾನರ್, ಎರಡು ಅಲೆನ್ ಕೀ. ಪೆಡಲ್ ಬಿಗಿ ಮಾಡುವ 15 ಮಿಲಿಮೀಟರ್ ಜಾಗಕ್ಕೆ ಆ ಸ್ಪ್ಯಾನರ್ ಹಾಕಿ ಸ್ವಲ್ಪ ಜೋರಾಗಿ ಒತ್ತಿದ್ದಷ್ಟೆ, ಅದರ ಬಾಯೇ ಅಗಲವಾಯಿತು. ನಾನು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಮನೆಯಲ್ಲಿ ನನ್ನದೇ ಟೂಲ್ ಬಾಕ್ಸ್ ಇದೆ, ಕೆಲಸ ನಡೆಯಿತು. ಇಲ್ಲದವರು ಏನು ಮಾಡಬೇಕು? ಕೈಯಲ್ಲಿ ಆದಷ್ಟು ಬಿಗಿ ಮಾಡಿ, ಮಗುವನ್ನು ದೇವರ ಮೇಲೆ ಭಾರ ಹಾಕಿ ರೋಡಿಗೆ ಕಳಿಸಬೇಕಾ?

ಜೋಡಿಸುವ ವಿಧಾನ ಅಂತ ಒಂದು ಹಾಳೆ ಇತ್ತು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅದರಲ್ಲಿದ್ದ ಚಿತ್ರ ರಿಮ್ ಹಿಡಿಯುವ ರಬ್ಬರ್ ಬ್ರೇಕಿನದು. ನಮ್ಮದು ಡಿಸ್ಕ್! ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಅದನ್ನು ಎಡಕ್ಕೆ ತಿರುಗಿಸಿ ಬಿಗಿ ಮಾಡಬೇಕು ಅನ್ನೋ ಒಂದು ಸಾಲು ಬರೆಯೋಕೆ ಇವರಿಗೇನು ಕಷ್ಟ? ಗೊತ್ತಿಲ್ಲದವರು ಬಲಕ್ಕೇ ತಿರುಗಿಸುತ್ತಾರೆ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಅಲಾಯ್‌ದಾದರೆ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಆಮೇಲೆ ಕ್ರ್ಯಾಂಕೇ ಹೊಸದು ಹಾಕಿಸಬೇಕು.

ಅದಕ್ಕಿಂತ ಹೆಚ್ಚು ಹೊಟ್ಟೆ ಉರಿದಿದ್ದು ಮುಂದಿನ ಚಕ್ರ ಹಿಡಿದಿರುವ ಕವಲು, ಅಂದರೆ ಫೋರ್ಕ್ ನೋಡಿ. ಡಬ್ಬದಲ್ಲಿ ಜಾಗ ಸಾಲಲಿ ಅಂತ ಅದನ್ನು ಹಿಂದುಮುಂದು ತಿರುಗಿಸಿ ಇಟ್ಟಿದ್ದರು. ಡಿಸ್ಕ್ ಹಿಡಿಯುವ ಬ್ರೇಕಿನ ಕ್ಯಾಲಿಪರ್ ಎಡಗಡೆ, ಫೋರ್ಕಿನ ಹಿಂಭಾಗಕ್ಕೆ ಬರಬೇಕು. ಹಾಗೇ ಹ್ಯಾಂಡಲ್ ಕೂರಿಸಿದರೆ ಅದು ಬಲಗಡೆ ಮುಂದಕ್ಕೆ ಬಂದುಬಿಡುತ್ತದೆ. ಹೀಗೆ ಉಲ್ಟಾ ಫೋರ್ಕಿನಲ್ಲೇ ಓಡಾಡುವ ಮಕ್ಕಳನ್ನು ನಾನು ರೋಡಿನಲ್ಲಿ ನೋಡಿದ್ದೇನೆ. ತಿರುಗಿಸಿ ಕೂರಿಸಿ ಅಂತ ಹಾಳೆಯಲ್ಲಿ ಎಲ್ಲೂ ಇಲ್ಲ.

ಡಿಸ್ಕ್ ಒಂದು ಕಡೆ ಪ್ಯಾಡಿಗೆ ಉಜ್ಜುತ್ತಿತ್ತು. ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲ ಮಾಡಿ, ಲಿವರ್ ಅದುಮಿ ಹಿಡಿದು, ಮತ್ತೆ ಬಿಗಿ ಮಾಡಿದೆ. ಅದು ಸರಿಹೋಯಿತು. ಆದರೆ ಹಿಂದಿನ ಗೇರ್ ನೇತಾಡುವ ಹ್ಯಾಂಗರ್ ಒಳಕ್ಕೆ ಬಗ್ಗಿದೆ. ಡಬ್ಬ ಎತ್ತಿ ಎಸೆದಿದ್ದಾರೆ, ಬೇರೇನಿಲ್ಲ. ಹ್ಯಾಂಗರ್ ಹೀಗಿದ್ದು ದೊಡ್ಡ ಹಲ್ಲಿಗೆ ಗೇರ್ ಹಾಕಿದರೆ ಚೈನ್ ಸರಿಸುವ ಡಿರೈಲರ್ ಹೋಗಿ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ, ಚಕ್ರ ಲಾಕ್ ಆಗುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಹಾಗಾದರೆ?

ಸೈಕಲ್ ಕಂಪನಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ಶುರು ಮಾಡಿದರು. ಕನ್ನಡದವರು ಯಾರಾದರೂ ಇದ್ದರೆ ಕೊಡಿ ಅಂದರೆ ಇಲ್ಲ. ‘ಅನ್‌ಬಾಕ್ಸಿಂಗ್ ವಿಡಿಯೊ ಇದೆಯಾ?’ ಅಂತ ಕೇಳಿದರು. ದುಡ್ಡು ಕೊಟ್ಟು ಸಾಮಾನು ತರಿಸಿದವನು ತಾನು ಕಳ್ಳನಲ್ಲ ಅಂತ ವಿಡಿಯೊ ಮಾಡಿ ತೋರಿಸಬೇಕಂತೆ! ಕೊನೆಗೆ ಹೇಳಿದ್ದು, ನಮ್ಮ ಅಧಿಕೃತ ಮೆಕ್ಯಾನಿಕ್ ಜೋಡಿಸದಿದ್ದರೆ ವಾರಂಟಿ ಇಲ್ಲ. ಮೈಸೂರಿನಲ್ಲಿ ನಿಮ್ಮ ಮೆಕ್ಯಾನಿಕ್ ಎಲ್ಲಿದ್ದಾರೆ? ಅದಕ್ಕೆ ಉತ್ತರವಿಲ್ಲ. ಮತ್ತೆ ಜೋಡಿಸಿಕೊಳ್ಳಿ ಅಂತ ಅಲೆನ್ ಕೀ ಯಾಕೆ ಕೊಟ್ರಿ ಸ್ವಾಮಿ?

ನಮ್ಮ ಬೀದಿಯ ಸೈಕಲ್ ಶಾಪಿನವರನ್ನು ಕೇಳಿದೆ. ‘ವಾರಕ್ಕೆ ಇಂಥವು ಬರ್ತಾನೇ ಇರ್ತವೆ ಸಾರ್. ಹ್ಯಾಂಗರ್ ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಅದು ನನ್ನ ಹತ್ರ ಸಿಗಲ್ಲ’ ಅಂದರು. ಅವರ ತಪ್ಪೇನಿಲ್ಲ. ಅಂಗಡಿಯಲ್ಲಿ ತಗೊಂಡಿದ್ದರೆ ಅವರೇ ಚಕ್ರದ ಬೆಂಡ್ ತೆಗೆದು, ಬ್ರೇಕ್ ನೋಡಿ, ಒಂದು ರೌಂಡ್ ಓಡಿಸಿ ಕೊಡುತ್ತಿದ್ದರು. ಡಬ್ಬದಲ್ಲಿ ಮಾರುವವರು ಆ ಕೆಲಸವನ್ನು ನಮ್ಮ ತಲೆಗೆ ಕಟ್ಟಿ, ಅದರ ಲಾಭವನ್ನು ತಾವು ಇಟ್ಟುಕೊಂಡಿದ್ದಾರೆ. ರೇಟ್ ಕಡಿಮೆ ಅಂತ ಹೇಳೋದು ಇದನ್ನೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಇದೆ. ಸರಿಯಾಗಿ ಬಳಸುವ ಸೂಚನೆ ಸಾಕಷ್ಟು ಕೊಡದೆ ಅದರಿಂದ ಯಾರಿಗಾದರೂ ಪೆಟ್ಟಾದರೆ ತಯಾರಿಸಿದವರೇ ಹೊಣೆ. ಆದರೆ ಪೆಟ್ಟಾಗುವ ತನಕ ಕಾಯಬೇಕಾ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಗ್ಗಿದ ಹ್ಯಾಂಗರ್, ಬಾಯಿಬಿಟ್ಟ ಸ್ಪ್ಯಾನರ್, ಆ ಹಾಳೆ, ಮೂರರ ಫೋಟೋನೂ ಇಟ್ಟುಕೊಂಡಿದ್ದೇನೆ. ಹ್ಯಾಂಗರ್ ಕಳಿಸಲಿ, ಇಲ್ಲವೇ ಸೈಕಲ್ ವಾಪಸ್ ತಗೊಂಡು ಪೂರ್ತಿ ದುಡ್ಡು ಕೊಡಲಿ. ಎರಡರಲ್ಲಿ ಒಂದು ಆಗುವವರೆಗೆ ನಾನಂತೂ ಬಿಡುವುದಿಲ್ಲ.