ಅಕ್ಕ ಮನೆಯಲ್ಲಿ ಸುಮ್ನೆ ಕೂತಿಲ್ಲ

ನಿನ್ನೆ ಅಕ್ಕನ ಮನೆಗೆ ಹೋಗಿ ಬಂದಾಗಿನಿಂದ ಮನಸ್ಸು ಕುದೀತಿದೆ. ಬರೆದು ಹಗುರ ಮಾಡ್ಕೋತೀನಿ.

ಅಕ್ಕನ ಮನೆ ಬಳ್ಳಾರಿಯ ಕೌಲ್ ಬಜಾರ್ ಕಡೆ. ಅಲ್ಲಿ ಮನೆ ಮನೆಯ ಪಡಸಾಲೆಯಲ್ಲೂ ಜೀನ್ಸ್ ಪ್ಯಾಂಟಿನ ರಾಶಿ. ಹೊಲಿಗೆ ಮುಗಿದ ಪ್ಯಾಂಟು ಬಂಡಲ್ ಕಟ್ಟಿ ಬರುತ್ತೆ. ಜೋತಾಡೋ ದಾರ ಕತ್ತರಿಸಿ, ಮಡಚಿ ವಾಪಸ್ ಕೊಡಬೇಕು. ಪೀಸ್ ಲೆಕ್ಕದಲ್ಲಿ ದುಡ್ಡು. ಅಕ್ಕನ ಬೆರಳ ತುದಿಗಳು ಯಾವಾಗಲೂ ನೀಲಿ. ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗಲ್ಲ. ಸೀರೆ ಮೇಲೆ ನೀಲಿ ಧೂಳು, ತಲೆಗೂದಲಲ್ಲಿ ದಾರದ ಚೂರು.

ನಾವು ಊಟಕ್ಕೆ ಕೂರೋ ಹೊತ್ತಿಗೆ ಸರ್ವೆ ಮಾಡೋ ಹುಡುಗಿ ಬಂದಳು. ಕೈಯಲ್ಲಿ ಟ್ಯಾಬ್. ಪಿಎಲ್‌ಎಫ್‌ಎಸ್ ಅಂತಾರಲ್ಲ, ದೇಶದಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ, ಎಷ್ಟು ಜನಕ್ಕೆ ಇಲ್ಲ ಅಂತ ಲೆಕ್ಕ ತೆಗೆಯೋ ಸರ್ವೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2017ರಿಂದ ಮಾಡ್ತಿದೆ. ಒಬ್ಬೊಬ್ಬರದೇ ವಯಸ್ಸು, ಓದು, ಕೆಲಸ ಕೇಳ್ತಾ ಬಂದಳು. ಅಕ್ಕನ ಸರದಿ ಬಂದಾಗ ಭಾವ ಥಟ್ಟನೆ ಅಂದರು, "ಆಕಿ ಮನ್ಯಾಗ ಇರ್ತಾಳ್ರಿ, ಏನೂ ಮಾಡಂಗಿಲ್ಲ."

ಅಕ್ಕ ಆಗ ಎಲ್ಲಿದ್ದಳು ಗೊತ್ತಾ? ಅಲ್ಲೇ, ಮೂರು ಮಾರು ದೂರದಲ್ಲಿ. ತೊಡೆ ಮೇಲೆ ಪ್ಯಾಂಟು, ಕೈಯಲ್ಲಿ ಕತ್ತರಿ.

ಪುಣ್ಯಕ್ಕೆ ಆ ಹುಡುಗಿ ಜಾಣೆ. "ಈ ಪ್ಯಾಂಟೆಲ್ಲ ಯಾರು ಮಾಡೋದು?" ಅಂತ ಅಕ್ಕನನ್ನೇ ಕೇಳಿದಳು. ಅಕ್ಕ ಹೇಳಿದ್ದು ಕೇಳಿ ನನಗೆ ತುತ್ತು ಗಂಟಲಲ್ಲೇ ನಿಂತಿತು. "ಅಯ್ಯ, ಅದೇನ್ ಕೆಲಸರೀ ಮೇಡಂ. ಖಾಲಿ ಕುಂತಾಗ ಮಾಡ್ತೀನಿ."

ಖಾಲಿ ಕೂತಾಗ! ಬೆಳಿಗ್ಗೆ ಅಡುಗೆ ಮುಗಿಸಿ ಕೂತರೆ ಮಧ್ಯಾಹ್ನದವರೆಗೆ ಅದೇ. ರಾತ್ರಿ ಮಕ್ಕಳು ಮಲಗಿದ ಮೇಲೆ ಮತ್ತೆ ಅದೇ. ಬಂಡಲ್ ಒಯ್ಯೋಕೆ ಬರೋನ ನೋಟ್‌ಬುಕ್ಕಿನಲ್ಲಿ ಅಕ್ಕನ ಹೆಸರಿದೆ, ಎಷ್ಟು ಪೀಸ್ ಅಂತ ಇದೆ. ಗಂಡನ ಬಾಯಲ್ಲಿ ಇಲ್ಲ, ಅವಳ ಬಾಯಲ್ಲೂ ಇಲ್ಲ.

ನಾನು ತಡೀಲಾರದೆ ನಡುವೆ ಬಾಯಿ ಹಾಕಿದೆ. ಆಮೇಲೆ ಆ ಹುಡುಗಿ ಸಮಾಧಾನವಾಗಿ ಹೋದ 7 ದಿನದ ಒಂದೊಂದು ದಿನವನ್ನೂ ಹಿಡಿದು, ಎಷ್ಟು ಗಂಟೆ ಅಂತ ಕೇಳಿ ಬರೆದುಕೊಂಡಳು. ವಾರದಲ್ಲಿ ಒಂದು ದಿನ, ಒಂದೇ ಗಂಟೆ ದುಡಿದಿದ್ದರೂ ಆ ವಾರದ ಲೆಕ್ಕದಲ್ಲಿ ಅವರು ಕೆಲಸ ಮಾಡುವವರು. ಅಕ್ಕನದು ದಿನಕ್ಕೆ ಐದು ಗಂಟೆ ಮೇಲೆ ಬಂತು. ಭಾವ ಸುಮ್ಮನೆ ನೆಲ ನೋಡ್ತಾ ಕೂತಿದ್ದರು.

"ಏನೂ ಮಾಡಲ್ಲ" ಅಂತಲೇ ಬರೆದಿದ್ದರೆ ಅಕ್ಕ ನಿರುದ್ಯೋಗಿಯೂ ಆಗ್ತಿರಲಿಲ್ಲ. ಕೆಲಸ ಬೇಕು ಅಂತ ಇರೋರು ಮಾತ್ರ ನಿರುದ್ಯೋಗಿಗಳು. ಕೆಲಸ ಇರೋರು, ಕೆಲಸ ಬೇಕು ಅನ್ನೋರು ಇಬ್ಬರೂ ಸೇರಿದ್ದೇ ಕಾರ್ಮಿಕ ಬಲ. ಅವಳು ಅದರ ಆಚೆಗೇ ಹೋಗ್ತಿದ್ದಳು, ಬರೀ ಮನೆಗೆಲಸದವರ ಪಟ್ಟಿಗೆ. ಪಕ್ಕದ ಮನೆ ಅಜ್ಜಿ ಎರಡು ಎಮ್ಮೆ ಸಾಕಿದ್ದಾಳೆ. ಹಾಲು ಮನೆಗೇ ಆದರೂ ಆ ದುಡಿಮೆ ಲೆಕ್ಕಕ್ಕೆ ಬರುತ್ತೆ. ಆದರೆ ಹೇಳಬೇಕಲ್ಲ!

ಒಂದು ಗಂಟೆ ದುಡಿದೋರನ್ನೂ ಸೇರಿಸೋದು ನಿರುದ್ಯೋಗ ಕಡಿಮೆ ತೋರಿಸೋಕೆ ಅಂತ ನನ್ನ ಗೆಳೆಯರೇ ವಾದ ಮಾಡ್ತಾರೆ. ಇದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಳತೆ, ಬೇರೆ ದೇಶಗಳಲ್ಲೂ ಇದೆ. ಗಂಟೆಗಳನ್ನು ಬೇರೆಯಾಗಿ ಬರೆದುಕೊಳ್ಳೋದರಿಂದ ಯಾರಿಗೆ ಅರೆಬರೆ ಕೆಲಸ ಅಂತಲೂ ತಿಳಿಯುತ್ತೆ. ಅದೂ ಬಿಡಿ, ನನ್ನ ಅಕ್ಕನಂಥವರು ಲೆಕ್ಕಕ್ಕೆ ಸಿಗೋದೇ ಈ ಅಳತೆಯಿಂದ. ಇನ್ನು ಕೆಲಸ ಇದೆ ಅಂತ ಹೇಳಿದರೆ ರೇಷನ್ ಕಾರ್ಡ್ ಹೋಗುತ್ತೆ ಅನ್ನೋ ಭಯ ಕೆಲವರಿಗೆ. ಅಂಕಿಅಂಶಕ್ಕೆ ಅಂತ ತಗೊಂಡ ವಿವರವನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ ಅಂತ 2008ರ ಅಂಕಿಅಂಶ ಸಂಗ್ರಹ ಕಾಯ್ದೆಯಲ್ಲೇ ಇದೆ. ದಯವಿಟ್ಟು ಹೆದರಬೇಡಿ.

ಭಾವನ ಮೇಲೆ ಇಷ್ಟು ಸಿಟ್ಟು ಮಾಡ್ಕೊಂಡೆ. ರಾತ್ರಿ ಮಲಗಿದಾಗ ನನ್ನದೇ ನೆನಪಾಯ್ತು. ಸಿರುಗುಪ್ಪದಲ್ಲಿ ಪಿಯುಸಿಗೆ ಸೇರುವಾಗ ಫಾರಂ ತುಂಬಿದ್ದು ನಾನೇ. ಅಪ್ಪನ ಉದ್ಯೋಗ: ಕೂಲಿ. ಅವ್ವನ ಉದ್ಯೋಗ: ಗೃಹಿಣಿ. ಇಬ್ಬರೂ ಬೆಳಿಗ್ಗೆ ಒಂದೇ ಟ್ರ್ಯಾಕ್ಟರ್ ಹತ್ತಿ ಒಂದೇ ಗದ್ದೆಗೆ ಹೋಗ್ತಿದ್ದರು. ದಿನವಿಡೀ ಕೆಸರಲ್ಲಿ ಬಗ್ಗಿ ಭತ್ತ ನಾಟಿ ಮಾಡ್ತಿದ್ದದ್ದು ಅವ್ವ. ಮೆಣಸಿನಕಾಯಿ ಬಿಡಿಸಿ ಬಂದ ರಾತ್ರಿ ಅವಳ ಕೈ ಉರಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದದ್ದು ನಾನೇ. ಅದೇ ಕೈಯಿಂದ ಗೃಹಿಣಿ ಅಂತ ಬರೆದೆ. ಅವ್ವ ಈಗಿಲ್ಲ. ತಪ್ಪಾಯ್ತು ಅಂತ ಯಾರಿಗೆ ಹೇಳಲಿ?

ನಿಮ್ಮ ಮನೆಗೂ ಸರ್ವೆಯವರು ಬರಬಹುದು. ಬಂದರೆ ನಿಮ್ಮ ಅವ್ವನ್ನೋ ಹೆಂಡತಿಯನ್ನೋ ಕರೆದು ಎದುರಿಗೆ ಕೂರಿಸಿ. ಅವರ ಕೆಲಸವನ್ನು ಅವರೇ ಹೇಳಲಿ. ಮೊದಲ ಸಲ ಅಯ್ಯ, ಏನಿಲ್ಲ ಅಂತಾರೆ. ಬಿಡದೆ ಇನ್ನೊಮ್ಮೆ ಕೇಳಿ.

2025ರಿಂದ ಒಂದೇ ಮನೆಗೆ ಸತತ ನಾಲ್ಕು ತಿಂಗಳು ಬರ್ತಾರೆ. ಅಕ್ಕನ ಮನೆಯದು ಇದು ಮೊದಲನೇ ಸಲ. ಇವತ್ತು ಬೆಳಿಗ್ಗೆ ಅಕ್ಕ ಫೋನ್ ಮಾಡಿ, "ರಾತ್ರಿ ಕುಂತಿದ್ದೂ ಹಿಡೀತಾರೇನ?" ಅಂತ ಕೇಳಿದಳು. ಹಿಡೀತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಿನ್ನೆ ನಾನು ಕಡಿಮಿ ಹೇಳೀನಿ" ಅಂದಳು.