ಫ್ರಿಜ್ಜಿನಲ್ಲಿ ಮೊಸರು, ಪಕ್ಕದಲ್ಲಿ ಫಾಕ್ಸ್‌ಗ್ಲವ್

ಫಾಕ್ಸ್‌ಗ್ಲವ್ ಬೀಜದ ಪೊಟ್ಟಣ ನೋಡಿ ಮರುಳಾಗದವರು ಕಡಿಮೆ. ಆಳೆತ್ತರದ ದಂಟು, ಅದರ ತುಂಬ ತಲೆ ಬಗ್ಗಿಸಿದ ಗುಲಾಬಿ ಗಂಟೆಗಳು, ಹಿಂದೊಂದು ಹುಲ್ಲು ಹೊದಿಸಿದ ಮನೆ. ಬೆನ್ನಿಗೆ ‘ಮೇ-ಜೂನ್‌ನಲ್ಲಿ ಬಿತ್ತಿ’ ಎಂಬ ಸೂಚನೆ. ಆ ಮೇ ಇಂಗ್ಲೆಂಡಿನದು. ವಿಜಯಪುರದ ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಹಾಕುತ್ತಾರೆ, ಬೀಜ ಹಾಕುವುದಿಲ್ಲ.

ಇಲ್ಲಿ ಹಿಡಿಯಬೇಕಾದ್ದು ಹಿಂಗಾರಿ ಜೋಳದ ಲೆಕ್ಕ. ಗಣಪತಿ ಕೂತು ಏಳುವ ಹೊತ್ತಿಗೆ ಬಿತ್ತಿದರೆ ಶಿವರಾತ್ರಿಗೆ ಹೂ, ಯುಗಾದಿ ದಾಟುವಷ್ಟರಲ್ಲಿ ತಿಪ್ಪೆಗೆ. ಆದರೆ ಹಳೆಯ ತಳಿ ತಂದರೆ ಈ ಲೆಕ್ಕವೂ ತಪ್ಪುತ್ತದೆ. ಅದು ಎರಡು ವರ್ಷದ ಗಿಡ. ಮೊದಲ ವರ್ಷ ಬರೀ ಎಲೆ, ಆಮೇಲೆ 10 ಡಿಗ್ರಿಗಿಂತ ಕೆಳಗಿನ ಚಳಿ ಹೆಚ್ಚುಕಡಿಮೆ ಎರಡು ತಿಂಗಳು ತಾಗಿದರೇನೇ ಮೊಗ್ಗು. ನಮ್ಮ ಚಳಿ ಎಳ್ಳ ಅಮವಾಸ್ಯೆಯ ಆಚೀಚೆ ನಾಲ್ಕು ರಾತ್ರಿ ಬಂದು, ಚರಗದ ಊಟ ಮುಗಿಸಿ ಹೋಗುವ ಬೀಗರ ಹಾಗೆ.

ಇದಕ್ಕೆ ಬುದ್ಧಿವಂತರು ಕಂಡುಕೊಂಡ ಉಪಾಯ ಫ್ರಿಜ್ಜು. ಬೀಜದ ಪೊಟ್ಟಣವನ್ನು ಮೊಸರಿನ ಪಕ್ಕ ತಿಂಗಳುಗಟ್ಟಲೆ ಇಟ್ಟು ಚಳಿಗಾಲ ಕಳೆಯಿತು ಎಂದುಕೊಳ್ಳುತ್ತಾರೆ. ಚಳಿ ತಾಗಬೇಕಾದ್ದು ಎಲೆ ತುಂಬಿದ ಗಿಡಕ್ಕೆ, ಬೀಜಕ್ಕಲ್ಲ. ಕುಂಡವನ್ನೇ ಫ್ರಿಜ್ಜಿನಲ್ಲಿ ಇಡುವೆನೆಂದರೆ ಸಂಸಾರದ ಪ್ರಶ್ನೆ ಏಳುತ್ತದೆ. ಅದಕ್ಕಿಂತ ‘ಫಾಕ್ಸಿ’, ‘ಕ್ಯಾಮೆಲಾಟ್’, ‘ಡಾಲ್ಮೇಷಿಯನ್’ ತಳಿಗಳನ್ನು ತರಿಸುವುದು ಲೇಸು. ಇವು ಚಳಿಗೆ ಕಾಯದೆ ಸುಮಾರು ಐದು ತಿಂಗಳಿಗೆ ಹೂ ಬಿಡುತ್ತವೆ.

ಬೀಜವೋ, ನಶ್ಯದ ಪುಡಿ. ಫ್ಯಾನ್ ಕೆಳಗೆ ಪೊಟ್ಟಣ ಬಿಚ್ಚಿದರೆ ಬಿತ್ತನೆ ಅಲ್ಲಿಗೇ ಮುಗಿಯಿತು. ಒಂದು ಚಮಚ ಒಣ ಸಣ್ಣ ಮರಳಿನಲ್ಲಿ ಬೆರೆಸಿ, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ತುಂಬಿದ ತಟ್ಟೆಯ ಮೇಲೆ ಉದುರಿಸಿ. ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಒಕ್ಕಲುತನದ ಮನೆಯ ಕೈಗೆ ಇದೇ ಕಷ್ಟ, ಬೀಜ ಕಂಡರೆ ಮಣ್ಣು ಎಳೆಯದೆ ಸುಮ್ಮನಿರದು. ನೀರನ್ನೂ ಮೇಲಿಂದ ಸುರಿಯಬೇಡಿ, ಬೀಜವೆಲ್ಲ ಒಂದು ಮೂಲೆಗೆ ಸೇರಿ ಜಾತ್ರೆ ನಡೆಸುತ್ತವೆ. ತಟ್ಟೆಯನ್ನು ಒಂದಿಂಚು ನೀರಿನಲ್ಲಿ ಕೂರಿಸಿದರೆ ತಾನೇ ಹೀರಿಕೊಳ್ಳುತ್ತದೆ. 18-20 ಡಿಗ್ರಿ ಸಿಕ್ಕರೆ ಚೆನ್ನ; ಮನೆಯೊಳಗೆ ಕುಡಿಯುವ ನೀರಿನ ಗಡಿಗೆ ಇಡುವ ತಂಪು ಮೂಲೆಗೆ ಕಿಟಕಿಯ ಬೆಳಕು ಬೀಳುವಂತಿದ್ದರೆ ಅದೇ ಜಾಗ. ಎರಡು-ಮೂರು ವಾರಕ್ಕೆ ಹಸಿರು ಚುಕ್ಕೆ ಕಾಣುತ್ತದೆ.

ಎರೆ ಮಣ್ಣಿಗೆ ಇದನ್ನು ನೆಡುವ ಆಸೆ ಬೇಡ. ನೀರು ಬಿದ್ದರೆ ಹಿಟ್ಟಿನ ಮುದ್ದೆ, ಒಣಗಿದರೆ ಕೈ ತೂರುವಷ್ಟು ಬಿರುಕು. ನಡುವೆ ಗಿಡದ ಬುಡ ಕೊಳೆತಿರುತ್ತದೆ. 12 ಇಂಚಿನ ಕುಂಡಕ್ಕೆ ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಮರಳು, ಕೊಕೊಪೀಟ್ ಒಂದೊಂದು ಪಾಲು. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಹೊರಗೆ ಸುಣ್ಣ ಬಳಿಯಿರಿ, ಇಲ್ಲವೆಂದರೆ ಬೇರು ಬೇಯುತ್ತದೆ. ಹತ್ತು ಗಂಟೆಯವರೆಗಿನ ಬಿಸಿಲು ಸಾಕು. ಹೊಲಕ್ಕೆ ತಂದ ಯೂರಿಯಾದಲ್ಲಿ ಒಂದು ಹಿಡಿ ಇದಕ್ಕೂ ಎಸೆದರೆ ಎಲೆ ಮಾತ್ರ ಬಾಳೆಯ ಗರ್ವದಲ್ಲಿ ಬೆಳೆಯುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಬೋರಿನ ಗಡಸು ನೀರಿನ ಕೆಲಸ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುತ್ತಿಲ್ಲ. ಫಿಲ್ಟರ್ ಹೊರಚೆಲ್ಲುವ ನೀರು ದಂಡವಾಗಬಾರದೆಂದು ಗಿಡಕ್ಕೆ ಹಾಕುವ ಮಿತವ್ಯಯಿಗಳಿದ್ದಾರೆ. ಉಪ್ಪೆಲ್ಲ ಸೇರಿರುವುದೇ ಆ ನೀರಿನಲ್ಲಿ.

ನಿಜವಾದ ಗಂಡಾಂತರ ಬರುವುದು ಗಿಡ ಚೆನ್ನಾಗಿ ಬಂದಾಗ. ಬುಡದಲ್ಲಿ ಹರಡಿದ ಅಗಲ ಎಲೆ ಕಂಡು ಕಂಪೌಂಡಿನ ಆಚೆಯಿಂದ ಪ್ರಶ್ನೆ ಬರುತ್ತದೆ: “ಇದ್ಯಾವ ಪಲ್ಯಾರಿ ವೈನಿ? ಎಲಿ ಚೊಲೊ ಬಿಟ್ಟಾವ. ಬ್ಯಾಳಿ ಹಾಕಿ ಕುದಿಸಿದ್ರ ಬಿಸಿ ರೊಟ್ಟಿಗಿ ಭಾಳ ಚೊಲೊ ನೋಡ್ರಿ.” ಪುಂಡಿ, ಹತ್ತರಕಿ, ರಾಜಗಿರಿ ಎಂದು ನೆಲದ ಮೇಲಿನ ಹಸಿರನ್ನೆಲ್ಲ ರೊಟ್ಟಿಗೆ ಹಚ್ಚಿಕೊಳ್ಳುವ ಸೀಮೆಯಲ್ಲಿ ಈ ಪ್ರಶ್ನೆ ಸಹಜ, ಉತ್ತರ ಮಾತ್ರ ತಡವಾಗಬಾರದು. ಎಲೆ, ಹೂ, ಬೀಜ ಎಲ್ಲ ವಿಷ, ಹೂದಾನಿಯ ನೀರು ಕೂಡ. ನಾಡಿಯ ಲಯವನ್ನೇ ಕೆಡಿಸುತ್ತದೆ. ವಿಲಿಯಂ ವಿದರಿಂಗ್ ಎಂಬ ವೈದ್ಯ 1785ರಲ್ಲಿ ಇದರ ಔಷಧಗುಣ ಬರೆದಿಟ್ಟ ನಿಜ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಇದರ ಸೋದರ ಗಿಡದ್ದೇ. ಆದರೆ ಅದು ಮೈಕ್ರೋಗ್ರಾಂ ಲೆಕ್ಕದ ಮದ್ದು, ಸವುಟಿನ ಲೆಕ್ಕದ್ದಲ್ಲ.

‘ವಿಷ’ ಎಂದು ಬೋರ್ಡು ಬರೆದು ಚುಚ್ಚಬಹುದು. ಆಡು ಓದುವುದಿಲ್ಲ. ಬೆಳಗಿನ ಐದಕ್ಕೆ ಪ್ಲಾಸ್ಟಿಕ್ ಚೀಲ ಹಿಡಿದು ಪರರ ಕಂಪೌಂಡಿನ ಹೂವಿನಿಂದ ಪುಣ್ಯ ಗಳಿಸುವ ಭಕ್ತರೂ ಓದುವುದಿಲ್ಲ. ಕುಂಡ ಒಳಗಿಟ್ಟು, ಗೋಡೆಯ ಪಕ್ಕ ದಾಸವಾಳ ಬೆಳೆಸಿ ಅವರನ್ನು ಅಲ್ಲೇ ತೃಪ್ತಿಪಡಿಸಿ. ಕಣಗಿಲವೂ ಆದೀತು, ಅದರಲ್ಲಿರುವುದೂ ಹೃದಯಕ್ಕೆ ತಾಗುವ ಅದೇ ಬಗೆಯ ವಿಷ, ಆದರೆ ವಿಷಕಂಠ ಅದಕ್ಕೆ ಒಗ್ಗಿಹೋಗಿದ್ದಾನೆ.

ಫಾಕ್ಸ್‌ಗ್ಲವ್‌ನ ಜೊತೆಗಾರ ಹೂಗಿಡಗಳಲ್ಲಿ ಲಾರ್ಕ್‌ಸ್ಪರ್ ಒಂದಕ್ಕೆ ಆ ಫ್ರಿಜ್ಜಿನ ಉಪಾಯ ನಡೆಯುತ್ತದೆ. ಬೀಜವನ್ನು ಒಂದು ವಾರ ಒಳಗಿಟ್ಟು, ದೀಪಾವಳಿ ಆದ ಮೇಲೆ ನೇರ ಕುಂಡಕ್ಕೇ ಬಿತ್ತಿ, ಕಾಲಿಂಚು ಮಣ್ಣು ಮುಚ್ಚಬೇಕು. ಹಾಲಿಹಾಕ್ ತಾಯಿಬೇರು ಆಳಕ್ಕೆ ಬಿಡುವ ಗಿಡ, ಕಿತ್ತು ನೆಟ್ಟರೆ ಮುನಿಯುತ್ತದೆ. ಬೆಳಗಾವಿಯವರಿಗೆ ತಂಪು ಸ್ವಲ್ಪ ಹೆಚ್ಚು ದಿನ ಸಿಗುತ್ತದೆ, ಅವರು ಹೇಳುವ ಲೆಕ್ಕದಲ್ಲಿ ಎರಡು ಮೂರು ವಾರ ಕಳೆದು ನೋಡಬೇಕು.

ಇಷ್ಟೆಲ್ಲ ಆಗದು ಎನ್ನುವವರು ಮುಂಗಾರಿಗೆ ಕುಂಡದಲ್ಲಿ ಒಂದು ಚಿಟಿಕೆ ಎಳ್ಳು ಹಾಕಿ. ಅದೇ ಜೋತ ಗಂಟೆ, ಅದೇ ತಿಳಿ ಗುಲಾಬಿ ಛಾಯೆ. ಎಳ್ಳಿನ ಕುಟುಂಬದ ಆಫ್ರಿಕಾದ ಗಿಡವೊಂದನ್ನು ಕಾಡು ಫಾಕ್ಸ್‌ಗ್ಲವ್ ಎಂದೇ ಕರೆಯುತ್ತಾರೆ. ಕಾಯಿ ಬಲಿತಾಗ ಕಿತ್ತು ಒಣಗಿಸಿ ಕೊಡವಿದರೆ ಎರಡು ಚಮಚ ಎಳ್ಳು ಸಿಕ್ಕೀತು. ಅಷ್ಟರಲ್ಲಿ ಪಕ್ಕದ ವೈನಿ ಬಂದರೆ ಚಟ್ನಿ ಮಾಡಲು ಅವರ ಕೈಗೇ ಕೊಡಬಹುದು.