ಬೀದಿ ಹಬ್ಬಕ್ಕೆ ಕರೆದವರೇ ದಾರಿ ಮುಚ್ಚಿದರು

ಸಿಟ್ಟು ಇಳಿಯಲಿ ಎಂದು ಎರಡು ದಿನ ಕಾದೆ. ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಗರದ ನಡುವಿನ ದೊಡ್ಡ ರಸ್ತೆಯನ್ನು ಒಂದು ದಿನದ ಮಟ್ಟಿಗೆ ವಾಹನಗಳಿಗೆ ಮುಚ್ಚಿ ಬೀದಿ ಹಬ್ಬ ಮಾಡುತ್ತೇವೆ, ಎಲ್ಲರೂ ಬನ್ನಿ ಎಂದು ಕರೆದಿದ್ದರು. ಕಾರಿಲ್ಲದ ಬೀದಿ, ನಡುರಸ್ತೆಯಲ್ಲಿ ಹಾಡು, ಮಕ್ಕಳ ಆಟ, ಡಾಂಬರಿನ ಮೇಲೆ ಸುಣ್ಣದ ಕಡ್ಡಿಯ ಚಿತ್ರ. ಇಂಥ ಹಬ್ಬಕ್ಕೆ ಸೈಕಲ್ಲಿನಲ್ಲಿ ಹೋಗದೆ ಇನ್ನು ಯಾವುದಕ್ಕೆ ಹೋಗಬೇಕು? ನಾನೂ ತಂಗಿಯೂ ಹೊರಡುವುದೆಂದು ತೀರ್ಮಾನಿಸಿದೆವು. ನಾನು ದಿನವೂ ತುಳಿಯುವವಳು. ಅವಳು ಎಷ್ಟೋ ವರ್ಷಗಳ ನಂತರ, ಮೂರು ತಿಂಗಳಿನಿಂದ ಈಚೆಗೆ ಮತ್ತೆ ಸೈಕಲ್ ಹತ್ತಿದ್ದಾಳೆ. ಮನೆಯ ಸುತ್ತಲಿನ ಬೀದಿಗಳಲ್ಲಿ ಚೆನ್ನಾಗಿಯೇ ಓಡಿಸುತ್ತಾಳೆ. ಬೆನ್ನ ಹಿಂದೆ ಬಸ್ಸಿನ ಸದ್ದು ಕೇಳಿತೆಂದರೆ ಮಾತ್ರ ರಸ್ತೆಯ ಅಂಚಿಗೆ ಸರಿದು ಕಾಲು ಊರಿಬಿಡುತ್ತಾಳೆ. ಅವಳಿಗೆ ಹೆದರಿಕೆಯಾಗದ ದಾರಿ ಹುಡುಕುವ ಕೆಲಸ ನನ್ನದಾಯಿತು.

ಮೂರು ರಾತ್ರಿ ಕುಳಿತು ಹುಡುಕಿದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕಾರಿನಲ್ಲಿ ಹೋಗುವ ಯಾರೂ ಒಂದು ಹಬ್ಬಕ್ಕೆ ಹೋಗಲು ಮೂರು ರಾತ್ರಿ ನಿದ್ದೆಗೆಡುವುದಿಲ್ಲ. ಮೊಬೈಲ್ ನಕ್ಷೆಯಲ್ಲಿ ಸೈಕಲ್ ಗುರುತನ್ನು ಒತ್ತಿದರೆ ಅದು ಥಟ್ಟನೆ 14 ಕಿಲೋಮೀಟರಿನ ಒಂದು ಗೆರೆ ಎಳೆದು ಕೊಟ್ಟಿತು. ಆ ಗೆರೆ ಎಲ್ಲಿ ಹೋಗುತ್ತದೆ ಎಂದು ಹಿಗ್ಗಿಸಿ ನೋಡಿದರೆ, ಮೇಲ್ಸೇತುವೆ ಹತ್ತುವ ಜಾಗದಲ್ಲಿ ಎರಡು ಸಾಲು ವಾಹನಗಳನ್ನು ಅಡ್ಡ ದಾಟಿ ಬಲಕ್ಕೆ ಸೇರಿಕೊಳ್ಳಬೇಕು. ಹಿಂದಿನಿಂದ ವೇಗ ಹೆಚ್ಚಿಸಿಕೊಳ್ಳುತ್ತಲೇ ಬರುವ ಲಾರಿಗಳಿಗೆ ಕೈ ತೋರಿಸುತ್ತಾ ದಾಟಬೇಕು! ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದಷ್ಟೇ ಆ ನಕ್ಷೆಗೆ ಗೊತ್ತು. ಅಲ್ಲಿ ಎಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕು ಎಂಬುದು ಅದರ ಲೆಕ್ಕದಲ್ಲೇ ಇಲ್ಲ.

ಹಾಗಾಗಿ ಉಪಗ್ರಹದ ಚಿತ್ರಗಳನ್ನು ತೆರೆದುಕೊಂಡು ಒಂದೊಂದೇ ಓಣಿಯನ್ನು ನೋಡಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಬರೆಯುವ ನಕ್ಷೆಯನ್ನು ತೆರೆದು, ಪುಣ್ಯಾತ್ಮರು ಯಾರೋ ಗುರುತು ಹಾಕಿಟ್ಟ ಕಾಲುದಾರಿಗಳನ್ನು ಜೋಡಿಸಿದೆ. ಕಾಲುವೆಯ ದಂಡೆಯ ಮೇಲೊಂದು ಹಾದಿ, ಅದು ಮುಗಿದಲ್ಲಿ ರೈಲು ಹಳಿಯ ಪಕ್ಕದ ಹಳೆಯ ರಸ್ತೆ, ಆಮೇಲೆ ಮರಗಳ ನೆರಳಿನ ವಸತಿ ಬಡಾವಣೆಯ ಅಡ್ಡರಸ್ತೆಗಳು. ಒಟ್ಟು 19 ಕಿಲೋಮೀಟರ್. ಐದು ಕಿಲೋಮೀಟರ್ ಹೆಚ್ಚಾದರೆ ಆಗಲಿ, ಬೆಳಗಿನ ಹೊತ್ತಿನಲ್ಲಿ ಮಾತಾಡುತ್ತಾ ತುಳಿಯಬಹುದಲ್ಲ.

ಹಬ್ಬಕ್ಕೆ ಒಂದು ವಾರ ಮುಂಚೆ ಒಬ್ಬಳೇ ಹೋಗಿ ನೋಡಿಕೊಂಡೂ ಬಂದೆ. ನಕ್ಷೆ ಹೇಳದ ಎಷ್ಟೋ ಸಂಗತಿಗಳು ಹೀಗೆ ಹೋದಾಗಲೇ ತಿಳಿಯುವುದು. ಕಾಲುವೆಯ ಹಾದಿ ಮುಗಿಯುವಲ್ಲಿ 22 ಮೆಟ್ಟಿಲುಗಳಿದ್ದವು. ಪಕ್ಕದಲ್ಲಿ ಚಕ್ರ ಉರುಳಿಸಿಕೊಂಡು ಹತ್ತಲು ಒಂದು ಗೇಣು ಅಗಲದ ಇಳಿಜಾರು ಪಟ್ಟಿಯೂ ಇಲ್ಲ, ಸೈಕಲ್ಲನ್ನು ಹೆಗಲಿಗೇರಿಸಬೇಕು. ಹಳೆಯ ರಸ್ತೆಯಲ್ಲಿ ಮಳೆನೀರಿನ ಚರಂಡಿಯ ಮೇಲೆ ಕಬ್ಬಿಣದ ಜಾಲರಿ ಹಾಸಿದ್ದಾರೆ. ಅದರ ಸರಳುಗಳನ್ನು ರಸ್ತೆಗೆ ಅಡ್ಡಲಾಗಿ ಕೂರಿಸಿದ್ದರೆ ಏನೂ ತೊಂದರೆಯಿರಲಿಲ್ಲ. ಕೂರಿಸಿದ್ದು ಉದ್ದಕ್ಕೆ, ಚಕ್ರ ಉರುಳುವ ದಿಕ್ಕಿಗೇ. ಕೆಳಗಿಳಿದು ಸರಳುಗಳ ನಡುವೆ ಹೆಬ್ಬೆರಳು ಇಟ್ಟು ನೋಡಿದೆ. ಸಲೀಸಾಗಿ ಒಳಗೆ ಹೋಯಿತು, ಎರಡು ಕಡೆಯೂ ಜಾಗ ಉಳಿಯಿತು. ತೆಳುವಾದ ಟೈರು ಅಲ್ಲಿ ಸಿಕ್ಕಿಕೊಂಡರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಗರಿ ಬೀಳುತ್ತಾನೆ. ಹಾಗೆ ಕೂರಿಸಿದವರು ಒಂದು ಸಲವಾದರೂ ಸೈಕಲ್ ಮೇಲೆ ಆ ರಸ್ತೆಯಲ್ಲಿ ಹೋಗಿದ್ದರೆ ಅದನ್ನು ಅಂದೇ ತಿರುಗಿಸಿ ಹಾಕುತ್ತಿದ್ದರು. ಆ ಜಾಲರಿಗಳಿದ್ದ ಜಾಗಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ, ತಂಗಿಗೆ ಮೊದಲೇ ಕೂಗಿ ಹೇಳಲು.

ದಾರಿಯ 19 ಕಿಲೋಮೀಟರಿನಲ್ಲಿ 18 ಚೆನ್ನಾಗಿದ್ದು ಒಂದು ಕೆಟ್ಟದಾಗಿದ್ದರೆ ಆ ದಾರಿ ಕೆಟ್ಟದ್ದೇ. ಇದು ನನ್ನೊಬ್ಬಳ ಅಳುಕಲ್ಲ. ಅಮೆರಿಕದ ಸ್ಯಾನ್ ಹೋಸೆ ನಗರದ ರಸ್ತೆಗಳನ್ನು ಇಟ್ಟುಕೊಂಡು 2012ರಲ್ಲಿ ಸಂಶೋಧಕರು ಸೈಕಲ್ ಸವಾರರ ಮೇಲಾಗುವ ಒತ್ತಡವನ್ನು ನಾಲ್ಕು ಹಂತಗಳಲ್ಲಿ ಅಳೆಯುವ ಕ್ರಮವೊಂದನ್ನು ರೂಪಿಸಿದರು. ಅದರಲ್ಲಿ ಒಂದು ದಾರಿಯ ಹಂತವನ್ನು ನಿರ್ಧರಿಸುವುದು ಅದರ ಸರಾಸರಿಯಲ್ಲ, ಅತಿ ಕೆಟ್ಟ ತುಣುಕು. ಅದಕ್ಕೂ ಮುಂಚೆ, 2006ರಲ್ಲಿ, ಅದೇ ದೇಶದ ಪೋರ್ಟ್‌ಲ್ಯಾಂಡ್ ನಗರದ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ ತಮ್ಮ ಊರಿನ ಜನರನ್ನು ವಿಂಗಡಿಸಿ ನೋಡಿದ್ದರು. ಯಾವ ರಸ್ತೆಗೂ ಹೆದರದವರು ನೂರಕ್ಕೆ ಒಬ್ಬರೂ ಇಲ್ಲ, ತುಳಿಯಲು ಆಸೆಯಿದ್ದೂ ವಾಹನಗಳಿಗೆ ಹೆದರುವವರು ನೂರಕ್ಕೆ ಸುಮಾರು 60 ಎಂಬುದು ಅವರ ಅಂದಾಜು. ನನ್ನ ತಂಗಿ ಆ 60ರಲ್ಲಿ ಒಬ್ಬಳು. ಹಬ್ಬಕ್ಕೆ ಸೈಕಲ್ಲಿನಲ್ಲಿ ಬರಬೇಕಾದವರು ಇಂಥವರೇ. ನನ್ನಂಥವರು ಹೇಗೂ ಬರುತ್ತೇವೆ.

ಹಬ್ಬದ ದಿನ ಬೆಳಗ್ಗೆ ಆರೂವರೆಗೆ ಹೊರಟೆವು. ಕಾಲುವೆಯ ದಂಡೆಯಲ್ಲಿ ತಂಗಿ ನನಗಿಂತ ಮುಂದೆ ಹೋಗಿದ್ದಳು, ತಿರುಗಿ ತಿರುಗಿ ಏನೋ ಹೇಳುತ್ತಿದ್ದಳು. ಮೆಟ್ಟಿಲುಗಳಲ್ಲಿ ಒಂದೊಂದೇ ಸೈಕಲ್ಲನ್ನು ಇಬ್ಬರೂ ಹಿಡಿದು ಹತ್ತಿಸಿದೆವು. ಜಾಲರಿಗಳೆಲ್ಲ ದಾಟಿದವು. ಇನ್ನೇನು ಮೂರು ಕಿಲೋಮೀಟರ್, ಮರಗಳ ಸಾಲಿನ ಬಡಾವಣೆ ಬಂತು ಎನ್ನುವಾಗ ಮುಂದೆ ಹಾರ್ನಿನ ಸದ್ದು.

ನೋಡಿದರೆ ಆ ಅಡ್ಡರಸ್ತೆ ತುಂಬ ಕಾರು, ಬಸ್ಸು, ಸರಕಿನ ಟೆಂಪೋ. ಒಂದು ವಾರದ ಹಿಂದೆ ಇದೇ ಹೊತ್ತಿಗೆ ಬೆಕ್ಕು ನಡುರಸ್ತೆಯಲ್ಲಿ ಮಲಗಿದ್ದ ಬೀದಿ ಅದು. ಬ್ಯಾರಿಕೇಡ್ ಪಕ್ಕದಲ್ಲಿ ನಿಂತಿದ್ದವರನ್ನು ಕೇಳಿದೆ. ‘ಹಬ್ಬಕ್ಕೆಂದು ಮುಖ್ಯರಸ್ತೆ ಮುಚ್ಚಿದೆಯಲ್ಲ, ವಾಹನಗಳನ್ನು ಈ ಕಡೆ ತಿರುಗಿಸಿದ್ದೇವೆ’ ಎಂದರು.

ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ವಾಹನಗಳಿಲ್ಲದ ಬೀದಿಯ ಸಂತೋಷವನ್ನು ಜನರಿಗೆ ತೋರಿಸುತ್ತೇವೆ ಎಂದು ಒಂದು ರಸ್ತೆ ಮುಚ್ಚಿದರು. ಆ ರಸ್ತೆಯ ವಾಹನಗಳನ್ನೆಲ್ಲ ತಂದು ಸುರಿದದ್ದು, ನಗರದೊಳಕ್ಕೆ ಸೈಕಲ್ಲಿನಲ್ಲಿ ನೆಮ್ಮದಿಯಾಗಿ ಬರಲು ಉಳಿದಿದ್ದ ಏಕೈಕ ಬೀದಿಗೆ. ಬದಲಿ ಮಾರ್ಗದ ನಕ್ಷೆ ಬರೆದವರು ಆ ಓಣಿಯನ್ನು ಖಾಲಿ ಜಾಗವೆಂದು ತಿಳಿದರು. ಅದು ಖಾಲಿಯಲ್ಲ. ಶಾಲೆಯ ಮಕ್ಕಳು, ವಯಸ್ಸಾದವರು, ನಮ್ಮಂಥವರು ಬಳಸುವ ದಾರಿ. ಗದ್ದಲವಿಲ್ಲದ ಕಡೆ ಯಾರೂ ಓಡಾಡುವುದಿಲ್ಲ ಎಂದು ಇವರಿಗೆ ಹೇಳಿದವರಾರು?

ಓಣಿಯ ಅಗಲ ಹೆಚ್ಚೆಂದರೆ ಐದು ಮೀಟರ್. ಒಂದು ಬದಿಗೆ ನಿಲ್ಲಿಸಿದ ಕಾರುಗಳು ಎರಡು ಮೀಟರ್ ನುಂಗಿದ್ದವು. ಉಳಿದ ಮೂರು ಮೀಟರಿನಲ್ಲಿ ಬಸ್ಸು ಬರುತ್ತಿದೆ, ಅದರಲ್ಲೇ ನಾವು. ಜರ್ಮನಿಯಲ್ಲಿ ಊರೊಳಗೆ ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು 2020ರಿಂದ ಕಾನೂನೇ ಇದೆ. ಈ ಓಣಿಯಲ್ಲಿ ಅರ್ಧ ಮೀಟರಿಗೂ ಜಾಗವಿರಲಿಲ್ಲ. ಒಂದು ಕಾರಿನ ಕನ್ನಡಿ ತಂಗಿಯ ಮೊಣಕೈಗೆ ತಗುಲಿತು. ದೊಡ್ಡ ಏಟಲ್ಲ, ಅಂಗಿಯ ತೋಳಿಗೆ ಕಪ್ಪು ಗೀಟು ಬಿತ್ತು ಅಷ್ಟೆ. ಅವಳು ಬೀಳಲಿಲ್ಲ. ಇಳಿದು ಒಂದು ಗೇಟಿನ ಪಕ್ಕದಲ್ಲಿ ಸೈಕಲ್ ಹಿಡಿದುಕೊಂಡು ನಿಂತಳು. ಕಾರಿನವರು ಕಿಟಕಿ ಇಳಿಸಿ, ‘ಇವತ್ತೇ ಸೈಕಲ್ ತರಬೇಕಿತ್ತೇ?’ ಎಂದು ಕೇಳಿ ಮುಂದೆ ಹೋದರು.

ಇವತ್ತಲ್ಲದೆ ಇನ್ನು ಯಾವತ್ತು ತರಬೇಕಿತ್ತು, ಹೇಳಿ!

ಉಳಿದ ಮೂರು ಕಿಲೋಮೀಟರ್ ನಡೆದೆವು. ಪಾದಚಾರಿ ಮಾರ್ಗದಲ್ಲಿ ಸೈಕಲ್ ತಳ್ಳಿಕೊಂಡು, ನಡೆಯುವವರಿಗೆ ದಾರಿ ಬಿಡುತ್ತಾ, ಅವರಿಂದಲೂ ಬೈಸಿಕೊಳ್ಳುತ್ತಾ. ಹಬ್ಬದ ಬಾಗಿಲಿನಲ್ಲಿ ಸೈಕಲ್ ಒಳಗೆ ಬಿಡುವುದಿಲ್ಲ ಎಂದರು. ಸರಿ, ಒಪ್ಪುತ್ತೇನೆ, ಜನಜಂಗುಳಿಯಲ್ಲಿ ತುಳಿಯುವುದು ತರವಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದೆ. ಅದಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಕಾರು ನಿಲ್ಲಿಸಲು ನಾಲ್ಕು ಮೈದಾನಗಳು, ಅಲ್ಲಿಗೆ ಬಾಣದ ಗುರುತಿನ ಫಲಕಗಳು, ದಾರಿ ತೋರಿಸಲು ಹಳದಿ ಅಂಗಿಯ ಹುಡುಗರು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲಿಸಬಹುದು. ನೆಲಕ್ಕೆ ನೆಟ್ಟ ನಾಲ್ಕು ಕಬ್ಬಿಣದ ಕಮಾನು, ಕಾಯಲು ಒಬ್ಬರು, ಅಷ್ಟು ಸಾಕಿತ್ತು. ದೀಪದ ಕಂಬಕ್ಕೆ ಸರಪಳಿ ಬಿಗಿದು ಬೀಗ ಹಾಕುವಷ್ಟರಲ್ಲಿ ಒಬ್ಬರು ಬಂದು ಇಲ್ಲಿ ಕಟ್ಟಬಾರದು ಎಂದರು. ಇನ್ನೊಂದು ಕಂಬಕ್ಕೆ ಹೋದೆವು, ಅಲ್ಲಿಯೂ ಅದೇ ಮಾತು.

ಹಬ್ಬ ಚೆನ್ನಾಗಿತ್ತೇ ಎಂದು ಹಲವರು ಕೇಳಿದರು. ಗೊತ್ತಿಲ್ಲ. ನಾವು ಒಬ್ಬರಾದ ಮೇಲೆ ಒಬ್ಬರು ಸೈಕಲ್ ಕಾಯುತ್ತಾ ಹತ್ತು ಹತ್ತು ನಿಮಿಷ ನೋಡಿ ಬಂದೆವು.

ಇದು ಆಗದ ಹೋಗದ ಕೆಲಸ ಎಂದು ಯಾರೂ ನನಗೆ ಹೇಳಬೇಡಿ. ಕೊಲಂಬಿಯಾದ ಬೊಗೋಟಾದಲ್ಲಿ 1974ರಿಂದ ರಸ್ತೆಗಳನ್ನು ಜನರಿಗೆ ಬಿಟ್ಟುಕೊಡುವ ಪದ್ಧತಿಯಿದೆ, ‘ಸಿಕ್ಲೊವಿಯಾ’ ಎನ್ನುತ್ತಾರೆ. ಪ್ರತಿ ಭಾನುವಾರ ಮತ್ತು ರಜಾದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರಿಗೂ ಹೆಚ್ಚು ರಸ್ತೆ ವಾಹನಗಳಿಂದ ಮುಕ್ತ. ಅಲ್ಲಿ ಮುಚ್ಚುವುದು ನಗರದ ನಡುವಿನ ಒಂದು ತುಂಡು ರಸ್ತೆಯನ್ನಲ್ಲ. ಒಂದಕ್ಕೊಂದು ಕೂಡಿಕೊಂಡ ರಸ್ತೆಗಳ ಜಾಲವನ್ನು. ಹೀಗಾಗಿ ಹಬ್ಬಕ್ಕೆ ಹೋಗುವ ದಾರಿಯೂ ಹಬ್ಬವೇ. ನಮ್ಮವರು ಅಷ್ಟು ಮಾಡಬೇಕಿಲ್ಲ. ಹೊರವಲಯದ ನಾಲ್ಕು ದಿಕ್ಕಿನಿಂದ ನಾಲ್ಕು ಓಣಿ ಸಾಲುಗಳನ್ನು ಆರಿಸಿ, ಆ ದಿನ ಅಲ್ಲಿಗೆ ವಾಹನ ತಿರುಗಿಸದಿದ್ದರೆ ಸಾಕು.

ದಾರಿ ತೋರಿಸಲಿಕ್ಕೂ ದೊಡ್ಡ ಖರ್ಚಿನ ಹಂಗಿಲ್ಲ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ 1995ರಲ್ಲಿ ಒಂದು ಸರಳ ಉಪಾಯ ಮಾಡಿದರು. ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದೊಂದು ಸಂಖ್ಯೆ, ಆ ಸಂಖ್ಯೆಯ ಫಲಕ, ಮುಂದಿನ ಸಂಖ್ಯೆ ಯಾವ ಕಡೆ ಎಂಬ ಬಾಣ. ಹೊರಡುವ ಮುಂಚೆ ಐದಾರು ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡರೆ ಮುಗಿಯಿತು. ಗಣಿ ಎಂಜಿನಿಯರ್ ಆಗಿದ್ದ ಹ್ಯೂಗೊ ಬೊಲ್ಲೆನ್ ಅವರಿಗೆ ಹೊಳೆದ ವಿಚಾರ ಅದು. ಇದನ್ನು ಓದಿದಾಗಲೆಲ್ಲ ನನ್ನ ಆ ಮೂರು ರಾತ್ರಿಗಳು ನೆನಪಾಗುತ್ತವೆ. ಒಬ್ಬೊಬ್ಬ ಸವಾರನೂ ತನ್ನ ಮನೆಯಲ್ಲಿ ಕುಳಿತು ಅದೇ ದಾರಿಯನ್ನು ಮತ್ತೆ ಮತ್ತೆ ಮೊದಲಿನಿಂದ ಹುಡುಕುವುದು ಯಾರ ಬೇಜವಾಬ್ದಾರಿಯ ಫಲ?

ಮನೆಗೆ ಮರಳುವಾಗ ತಂಗಿ ಹೆಚ್ಚು ಮಾತಾಡಲಿಲ್ಲ. ಕಾಲುವೆಯ ಹತ್ತಿರ ಬಂದ ಮೇಲೆ, ‘ಅಕ್ಕ, ಮುಂದಿನ ವರ್ಷ ನೀನು ಹೋಗಿ ಬಾ, ನಾನು ಬರುವುದಿಲ್ಲ’ ಎಂದಳು. ಕಾರಿನಲ್ಲಿ ಹೋಗೋಣ ಎಂದು ಅವಳು ಹೇಳಲಿಲ್ಲ, ಅದಕ್ಕೆ ಇನ್ನಷ್ಟು ಸಂಕಟವಾಯಿತು. ಮೂರು ತಿಂಗಳು ಕೂಡಿಸಿಟ್ಟುಕೊಂಡ ಧೈರ್ಯವನ್ನು ಒಂದು ಓಣಿ, ಒಂದು ಬೆಳಗ್ಗೆ, ಒಂದು ಕನ್ನಡಿ ಕಿತ್ತುಕೊಂಡವು.

ಹಬ್ಬ ನಡೆಸಿದವರಿಗೆ ಮರುದಿನವೇ ಬರೆದೆ. ಎರಡು ಸಾಲಿನ ಉತ್ತರ ಬಂತು: ಸಲಹೆಗೆ ಧನ್ಯವಾದ, ಮುಂದಿನ ಸಲ ದಯವಿಟ್ಟು ಸಾರ್ವಜನಿಕ ಸಾರಿಗೆಯನ್ನು ಬಳಸಿ. ಸೈಕಲ್ ಎಂಬ ಪದ ಆ ಉತ್ತರದಲ್ಲಿ ಒಂದು ಕಡೆಯೂ ಇಲ್ಲ. ನಾನು ಬರೆದದ್ದನ್ನು ಓದಿಯೇ ಇಲ್ಲ!

ಇವತ್ತು ಮತ್ತೊಮ್ಮೆ ಬರೆದಿದ್ದೇನೆ. ಈ ಸಲ 19 ಕಿಲೋಮೀಟರಿನ ನಕ್ಷೆಯನ್ನೂ ಜೊತೆಗಿಟ್ಟಿದ್ದೇನೆ. ಮೆಟ್ಟಿಲುಗಳಿಗೆ ಒಂದು ಗುರುತು, ಜಾಲರಿಗಳಿಗೆ ಒಂದೊಂದು, ಆ ಓಣಿಗೆ ಉದ್ದಕ್ಕೂ ಕೆಂಪು ಗೆರೆ.